ಹಿಟ್ಟಿನ ಕೋಣೆಯಲ್ಲಿ ಉಬ್ಬಿದ ಜೋಳದ ಬಿಯರ್

ಹೊರಟದ್ದು

ಬಿಯರ್ ಕುಡಿಯಲೆಂದು ಜನ ಜರ್ಮನಿಗೆ ಹೋಗುತ್ತಾರೆ. ನಾನೂ ಒಮ್ಮೆ ಹೋಗಿಬಂದಿದ್ದೇನೆ, ಟೂರಿನವರು ಎತ್ತಿ ಹಿಡಿದ ಬಾವುಟದ ಹಿಂದೆ. ಅಲ್ಲಿಂದ ತಂದದ್ದು ಲೀಟರಿನ ಮಗ್ಗು ಎತ್ತಿ ಬಂದ ಮೊಣಕೈ ನೋವು ಮಾತ್ರ. ನಾನು ಮನಸಾರೆ ಮೆಚ್ಚಿದ ಬಿಯರ್ ಇರುವುದು ನಾಸಿಕದಲ್ಲಿ. ಮಂಗಳೂರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಹೇಳುವುದೂ ಇಲ್ಲ. ಪ್ರತಿವರ್ಷ ಡಿಸೆಂಬರಿನಲ್ಲಿ ಚೀಲ ಕಟ್ಟುವಾಗ ನೆರೆಮನೆಯವರು, "ತ್ರ್ಯಂಬಕೇಶ್ವರಕ್ಕಾ ಟೀಚರ್?" ಎಂದು ಕೇಳುತ್ತಾರೆ. "ಹೌದು, ಆ ಕಡೆಗೇ," ಎನ್ನುತ್ತೇನೆ. ಆ ಕಡೆಗೇ ಎನ್ನುವುದು ಸುಳ್ಳಲ್ಲವಲ್ಲ.

ನಿಜ ಹೇಳಬೇಕೆಂದರೆ ನಾನು ಟೀಚರ್ ಕೂಡ ಅಲ್ಲ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆ ತೊಳೆದು, ಪುಡಿ ತೂಗಿ, ಮಕ್ಕಳು ಕೈ ಸುಟ್ಟುಕೊಳ್ಳದಂತೆ ಕಾದು ನಿವೃತ್ತಳಾದವಳು. ಮೂಸಿ ನೋಡದೆ ಯಾವುದನ್ನೂ ನಂಬದ ಚಟ ಅಲ್ಲಿಂದಲೇ ಅಂಟಿದ್ದು. ಅಕ್ಕನ ಮನೆ ಛತ್ರಪತಿ ಸಂಭಾಜಿನಗರದಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ನಾಸಿಕದಲ್ಲಿ ಎರಡು ದಿನ ಇಳಿಯುವುದು ನನ್ನ ವಾಡಿಕೆ.

ದೇವಳಾಲಿ ಕ್ಯಾಂಪ್

ಈ ವಾಡಿಕೆ ಶುರುವಾದದ್ದು ಎರಡು ವರ್ಷದ ಹಿಂದೆ, ನಾಸಿಕಕ್ಕೆ ತಾಗಿದ ಸೇನಾ ನೆಲೆ ದೇವಳಾಲಿ ಕ್ಯಾಂಪಿನ ಒಂದು ಕಿರಾಣಿ ಅಂಗಡಿಯಲ್ಲಿ. ಸೋಪು ಕೊಳ್ಳಲು ನಿಂತಿದ್ದೆ. ಅಂಗಡಿಯಾತ ಹಣೆಗೆ ವಿಭೂತಿ ಇಟ್ಟು ಬಿಳಿ ಟೋಪಿ ಹಾಕಿದ ಮನುಷ್ಯ. ಸೈನಿಕರ ಮನೆಯ ಹೆಂಗಸರ ಜೊತೆ ಹಿಂದಿ, ಹಮಾಲನ ಜೊತೆ ಮರಾಠಿ, ಕಡೆಗೆ ಜೋಳದ ಚೀಲಕ್ಕೆ ಬಾಯಿ ಹಾಕಿದ ಆಡಿನ ಜೊತೆ ಅಪ್ಪಟ ಭಾಲ್ಕಿಯ ಕನ್ನಡ. "ಥೂ, ನಿನ್ನ ಬಾಯಾಗ ಮಣ್ಣ ಹಾಕ!" ಎಂಬುದು ಕಿವಿಗೆ ಬಿದ್ದದ್ದೇ ತಡ, ನಾನು ಕನ್ನಡದಲ್ಲಿ ಸೋಪು ಕೇಳಿದೆ. ಅವರು ಆಡನ್ನು ಮರೆತರು, ಆಡು ಇನ್ನೆರಡು ಬಾಯಿ ತಿಂದಿತು.

ಬಸವಣ್ಣಪ್ಪನವರ ಪರಿಚಯವಾದದ್ದು ಹೀಗೆ. ಕೂರಲು ಸ್ಟೂಲು ಬಂತು, ಚಹಾ ಬಂತು, ಕೊನೆಗೆ ಕೆಲಸ ಮುಗಿಸಿ ಬಂದ ಮಗಳು ಶಿವಲೀಲಾಳ ಪರಿಚಯವೂ ಆಯಿತು. "ಆಕಿ ಜ್ಯೂಸ್ ಕಂಪನಿದಾಗ ಕೆಲಸ ಮಾಡ್ತಾಳ್ರಿ," ಎಂದರು. ಮಗಳು ನೆಲ ನೋಡಿದಳು. ನನ್ನನ್ನು ವಸತಿಗೃಹಕ್ಕೆ ಸ್ಕೂಟರಿನಲ್ಲಿ ಬಿಡುವಾಗ ಮಾತ್ರ ಅವಳ ಬಾಯಿ ಬಿಚ್ಚಿತು.

"ಕಾಕೂ, ಜ್ಯೂಸ್ ಅಲ್ಲರಿ ಅದು. ಬಿಯರ್ ಅದ. ಅಪ್ಪಗ ಗೊತ್ತದ, ಪಣ್ ಆ ಹೆಸರು ಬಾಯಿಲೆ ಬರಂಗಿಲ್ಲ."

"ಹಾಗಾದರೆ ವಸತಿಗೃಹ ಬೇಡ," ಎಂದೆ. "ನೇರ ಅಲ್ಲಿಗೇ ನಡಿ."

ಅವಳು ಸ್ಕೂಟರು ನಿಲ್ಲಿಸಿ ಹಿಂತಿರುಗಿ ನನ್ನ ನರೆಗೂದಲನ್ನು ನೋಡಿದ್ದು ಇನ್ನೂ ನೆನಪಿದೆ.

ಈ ಸಲ ಹೋದಾಗ ಬಸವಣ್ಣಪ್ಪನವರು ಚಹಾ ಕೊಟ್ಟರು, ಆದರೆ ಮುಖ ಗಂಟಿಕ್ಕಿಕೊಂಡಿತ್ತು. ಕಳೆದ ಸಂಕ್ರಾಂತಿಯಲ್ಲಿ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಗಿತ್ತಂತೆ. "ನಾ ಒಂದ್ ವರ್ಷ ಮುದ್ದತ್ ಕೊಟ್ಟೀನ್ರಿ. ನಿನ್ನ ಹೆಸರಿಲೆ ಒಂದು ಮಾಲ್ ಬಾಜಾರದಾಗ ನಿಲ್ಲಿಸು ಅಂತಂದೆ. ನಿಂತ್ರ ನಾ ಮತ್ತ ಬಾಯಿ ತೆರಿಯಂಗಿಲ್ಲ. ನಿಲ್ಲಲಿಲ್ಲಂದ್ರ ಆ ಕೆಲಸ ಬಿಟ್ಟು ಅಂಗಡಿಗಿ ಬಂದು ಕೂಡಬೇಕು. ಆಕೀನೂ ಹೂಂ ಅಂದಾಳ."

"ನಿಂತರೆ ನಿಮಗೆ ಖುಷಿಯಾ?" ಎಂದೆ.

"ಅದು ನನಗ ಕೇಳಬ್ಯಾಡ್ರಿ ಬಾಯಾರ," ಎಂದು ತಕ್ಕಡಿ ಒರೆಸತೊಡಗಿದರು. ಸಂಕ್ರಾಂತಿಗೆ ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ.

ಹಂಡಾ

ಬ್ರೂವರಿಯ ಹೆಸರು ತಾಂಬಡಾ ಹಂಡಾ, ಅಂದರೆ ಕೆಂಪು ಹಂಡೆ. ದ್ರಾಕ್ಷಿ ತೋಟಗಳ ನಡುವೆ ತಗಡಿನ ಚಾವಣಿಯ ಒಂದು ಉದ್ದನೆಯ ಕಟ್ಟಡ. ನೋಡಿದರೆ ಕೋಳಿ ಫಾರಂ ಅನ್ನಬೇಕು. ಒಳಗೆ ಹೋಗಲು ಮಾತ್ರ ಸುಲಭವಲ್ಲ. ಚಪ್ಪಲಿ ಬಿಡಬೇಕು, ಅವರ ಬೂಟು ಹಾಕಬೇಕು, ಕೈ ಎರಡು ಸಲ ತೊಳೆಯಬೇಕು, ಬಳೆ ತೆಗೆಯಬೇಕು, ತಲೆಗೆ ಬಲೆ ಕಟ್ಟಬೇಕು. ನನ್ನ ಅಜ್ಜಿಯ ಮಡಿ ಅಡುಗೆಮನೆಯಲ್ಲೂ ಇಷ್ಟು ಕಟ್ಟಳೆ ಇರಲಿಲ್ಲ. ಅಜ್ಜಿಗೆ ಇದನ್ನು ಹೇಳಿದ್ದರೆ ಬಿಯರಿನ ಮೇಲೆ ಗೌರವ ಬರುತ್ತಿತ್ತೋ ಮಡಿಯ ಮೇಲಿನ ಗೌರವ ಹೋಗುತ್ತಿತ್ತೋ ಗೊತ್ತಿಲ್ಲ.

ಇವರು ಬಿಯರ್ ರುಚಿ ನೋಡುವುದು ಬೆಳಗ್ಗೆ, ಚಹಾಕ್ಕೂ ಮೊದಲು, ತಣ್ಣಗಿಲ್ಲದ ಬಿಯರನ್ನು. ತಂಪು ಮಾಡಿದರೆ ತಪ್ಪುಗಳು ಅಡಗಿಬಿಡುತ್ತವಂತೆ. ಆರು ಜನ ಸಾಲಾಗಿ ನಿಂತು, ಒಂದೊಂದು ಗುಟುಕು ಕುಡಿದು, ಯಾರೂ ಯಾರ ಮುಖವನ್ನೂ ನೋಡದೆ ಚೀಟಿಯಲ್ಲಿ ಬರೆಯುತ್ತಾರೆ. ಪಕ್ಕದವರ ಹುಬ್ಬು ನೋಡಿದರೂ ನಾಲಿಗೆ ಕೆಡುತ್ತದೆ ಎನ್ನುತ್ತಾರೆ. ನಮ್ಮ ಮದುವೆ ಊಟಗಳಲ್ಲಿ ಈ ಪದ್ಧತಿ ತಂದರೆ ಎಷ್ಟೋ ಅಡುಗೆಯವರು ಊರು ಬಿಡಬೇಕಾದೀತು.

ಕ್ಯಾನಿನ ಬಿಯರ್ ಎಂದರೆ ಮೂಗು ಮುರಿಯುವವರನ್ನು ಕಂಡಿದ್ದೇನೆ. ನಾನೂ ಹಾಗೆಯೇ ಇದ್ದೆ. ಗಾಜಿನ ಮೇಲೆ ನನಗೆ ಮೂವತ್ತು ವರ್ಷದ ಪ್ರೀತಿ. ಶಿವಲೀಲಾ ಒಂದೇ ಬಿಯರನ್ನು ಸೀಸೆಯಲ್ಲೂ ಕ್ಯಾನಿನಲ್ಲೂ ತುಂಬಿ ಕಿಟಕಿಯಲ್ಲಿ ಒಂದು ದಿನ ಇಟ್ಟು ಕುಡಿಸಿದಳು. ಸೀಸೆಯದ್ದು ಒದ್ದೆ ನಾಯಿಯ ವಾಸನೆ ಹೊಡೆಯಿತು, ಕ್ಯಾನಿನದ್ದು ಈಗ ತಾನೇ ತುಂಬಿದ ಹಾಗೆ ಇತ್ತು. ಬೆಳಕು ಬಿಯರಿನ ಶತ್ರು ಎಂಬುದು ರಸಾಯನಶಾಸ್ತ್ರದವಳಾದ ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಅವರ ಗೋಧಿ ಬಿಯರಿನ ಹಳದಿ ಕ್ಯಾನು ತೆರೆದರೆ ಬಾಳೆಹಣ್ಣು, ಲವಂಗ ಎರಡರ ಪರಿಮಳವೂ ಬರುತ್ತದೆ. ಅದರಲ್ಲಿ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಅದೆಲ್ಲ ಯೀಸ್ಟಿನ ಕೈಚಳಕ. ಕಪ್ಪು ಬಿಯರಿನಲ್ಲಿ ಸುಟ್ಟ ಬೆಲ್ಲದ ಕಹಿಯಿದೆ. ಹಸಿರು ಕ್ಯಾನಿನದ್ದು ಚಕ್ಕೋತದ ಸಿಪ್ಪೆ ಕಚ್ಚಿದ ಹಾಗೆ, ಮೊದಲ ಗುಟುಕಿಗೆ ಬೈದು ಮೂರನೆಯದಕ್ಕೆ ಸೋಲುವಂಥದ್ದು.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕ್ಯಾನಿನ ತಳದಲ್ಲಿ ಅಚ್ಚಾಗುವ ಒಂದು ಹೆಸರು. ಮಾಲೀಕನದ್ದಲ್ಲ, ಆ ಹಂಡೆಯ ಬಿಯರ್ ಕುದಿಸಿದವರದ್ದು. ಒಳ್ಳೆಯದಾದರೂ ಕೆಟ್ಟದಾದರೂ ಅವರದೇ ಮಾತು ಕೊನೆಯ ಮಾತು ಎಂಬುದು ಇಲ್ಲಿನ ಪದ್ಧತಿ.

ಈ ಸಲ ಶಿವಲೀಲಾ ತೋರಿಸಿದ್ದು ತಳದಲ್ಲಿ ಅವಳದೇ ಹೆಸರಿದ್ದ ಬಿಳಿ ಕ್ಯಾನು. ಬಾರ್ಲಿಯ ಜೊತೆ ಜೋಳ, ಅದೂ ಅಪ್ಪನ ಅಂಗಡಿಯ ಜೋಳ. ಪ್ರಯೋಗಕ್ಕೆಂದೇ ಇಟ್ಟ ಚಿಕ್ಕ ಹಂಡೆಯಲ್ಲಿ ಕುದಿಸಿ, ಸಾವಿರದಷ್ಟು ಕ್ಯಾನು ತುಂಬಿದ್ದರು. ಒಂದು ತಿಂಗಳು ಪರೀಕ್ಷೆಯ ಕಪಾಟಿನಲ್ಲಿ ಕೆಲವನ್ನು ಇಟ್ಟು ನೋಡಿ, ಸರಿಯಿದ್ದರೆ ಸಂಕ್ರಾಂತಿಗೆ ಮೊದಲೇ ಪುಣೆಯ ಅಂಗಡಿಗಳಿಗೆ ಲಾರಿ ಹತ್ತಿಸುವುದೆಂದು ನಿಶ್ಚಯವಾಗಿತ್ತು. ನಾನು ಕುಡಿದೆ. ಒಲೆಯಿಂದ ಇಳಿಸಿದ ರೊಟ್ಟಿ ಮುರಿದಾಗ ಬರುವ ಘಮ ಮೊದಲು ಬಂತು, ಹಿಂದೆಯೇ ತೆಳ್ಳಗಿನ ಹುಳಿ. ಯಾವ ಮಸಾಲೆಯೂ ಇಲ್ಲ, ಯಾವ ಜಂಬವೂ ಇಲ್ಲ. ನಾಸಿಕಕ್ಕೆ ಮೂರು ಸಲ ಬಂದದ್ದು ಈ ಒಂದು ಲೋಟಕ್ಕಾಗಿ ಎನ್ನಿಸಿಬಿಟ್ಟಿತು. ಅವಳಿಗೂ ಹಾಗೆಯೇ ಹೇಳಿದೆ.

"ಖರೇನಾ ಕಾಕೂ?" ಎಂದು ಎರಡು ಸಲ ಕೇಳಿ, ಹನ್ನೆರಡು ಕ್ಯಾನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. "ತಂಪಿನ್ಯಾಗ ಇಡ್ರಿ. ಆಠವಡ್ಯಾಕೊಂದು ಕುಡದು ಹ್ಯಾಂಗ ಅದ ಹೇಳ್ರಿ." ಆಠವಡಾ ಅಂದರೆ ವಾರ. ಕನ್ನಡದ ಮಾತು ಸಿಗದೆ ಹೋದಾಗ ಅವಳು ಪಕ್ಕದ ಮರಾಠಿಯಿಂದ ಕೈಸಾಲ ತೆಗೆಯುತ್ತಾಳೆ.

ಸಂಭಾಜಿನಗರ

ಅಕ್ಕನ ಗಂಡ, ನನ್ನ ಭಾವ, ಕುಂದಾಪುರದ ಕಡೆಯವರು. ನಲವತ್ತು ವರ್ಷದಿಂದ ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದಾರೆ. ಕೆಳಗೆ ಹೋಟೆಲು, ಮೇಲೆ ಮನೆ. ಮನೆಯ ಫ್ರಿಜ್ಜಿನಲ್ಲಿ ದೇವರ ಹೂವು, ನೈವೇದ್ಯದ ಹಾಲು. ಹೋಟೆಲಿನ ಫ್ರಿಜ್ಜಿನ ಮೇಲೆ ಗಿರಾಕಿಗಳ ಕಣ್ಣು. ನಾನು ಪೆಟ್ಟಿಗೆ ಹಿಡಿದು ನಿಂತೆ.

"ಭಾವ, ಬಿಯರೂ ಸಸ್ಯಾಹಾರವೇ. ಬಾರ್ಲಿ, ಜೋಳ, ನೀರು, ಕಹಿ ಕೊಡುವ ಒಂದು ಹೂವು."

"ಹೌದು ಮಾರಾಯ್ತಿ. ಹೊಗೆಸೊಪ್ಪೂ ಸೊಪ್ಪೇ," ಎಂದರು ಭಾವ. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ನಾನು ಮಾಡಿದ್ದು ಮೂವತ್ತು ವರ್ಷ ಪ್ರಯೋಗಾಲಯದಲ್ಲಿದ್ದವಳು ಮಾಡಬಾರದ ಕೆಲಸ. ಘಟ್ಟದ ಮೇಲಿನ ಈ ಊರುಗಳಲ್ಲಿ ಚಳಿಗಾಲ ಬಂದರೆ ದೋಸೆ ಹಿಟ್ಟು ಏಳುವುದಿಲ್ಲ. ಕರಾವಳಿಯಿಂದ ಬಂದ ಹೋಟೆಲಿನವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹಿಟ್ಟಿನ ಕೋಣೆಯನ್ನು ಒಲೆಯ ಗೋಡೆಗೆ ಬೆನ್ನು ತಾಗಿಸಿಯೇ ಕಟ್ಟುತ್ತಾರೆ. ಹೊರಗೆ ಹಲ್ಲು ಕಟಕಟಿಸುವ ಚಳಿಯಿದ್ದರೂ ಒಳಗೆ ಹೋದರೆ ಮಂಗಳೂರಿನ ಮೇ ತಿಂಗಳು. ಆ ಕೋಣೆಗೆ ಅಡುಗೆಯ ಗೋವಿಂದಣ್ಣನನ್ನು ಬಿಟ್ಟು ಯಾರೂ ಕಾಲಿಡುವುದಿಲ್ಲ. ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ? ಉದ್ದಿನ ಮೂಟೆಯ ಹಿಂದೆ ಪೆಟ್ಟಿಗೆ ಸೇರಿತು. ತಂಪಿನಲ್ಲಿಡಿ ಎಂದ ಮಾತು ನೆನಪಿತ್ತು. ಎರಡು ಮೂರು ವಾರಕ್ಕೆ ಏನಾಗುತ್ತದೆ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ ಇರಬೇಕು.

ಮೊದಲ ವಾರ ಒಂದು ಕ್ಯಾನು ಗಪ್‌ಚಿಪ್ಪಾಗಿ ಮೇಲಿನ ಟೆರೇಸಿಗೆ ಹೋಯಿತು. ಅಕ್ಕ ನಾಲಿಗೆ ತುದಿಗೆ ಮುಟ್ಟಿಸಿ, "ಹುಳಿ ಬಂದ ಅಂಬಲಿ," ಎಂದಳು. ನನಗೆ ಮಾತ್ರ ನಾಸಿಕದಲ್ಲಿ ಕುಡಿದಷ್ಟೇ ಚೆನ್ನಾಗಿತ್ತು, ನೊರೆ ಒಂದಿಷ್ಟು ಹೆಚ್ಚು ಬಂತು ಅಷ್ಟೆ. ಎರಡನೆಯ ವಾರದ ಕ್ಯಾನು ತೆರೆದಾಗ ನನ್ನ ಸೀರೆ, ಅಕ್ಕನ ಹಪ್ಪಳ ಎರಡೂ ನೆನೆದವು. ಕುಲುಕಿರಬೇಕು ಎಂದುಕೊಂಡೆ. ಮನಸ್ಸು ಒಪ್ಪದ ಕಾರಣಗಳನ್ನು ಹುಡುಕಿ ತರುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ವೇರೂಳ್

ಮೂರನೆಯ ವಾರ ಭಾವ ನಮ್ಮನ್ನು ವೇರೂಳಿಗೆ ಕರೆದೊಯ್ದರು. ಹೋದದ್ದು ಕನ್ನಡ ಎಂಬ ತಾಲೂಕು ಊರಿಗೆ ಹೋಗುವ ಕೆಂಪು ಬಸ್ಸಿನಲ್ಲಿ. ಆ ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗರು ಹುಟ್ಟಿಲ್ಲವಂತೆ. ನಾನೂ ತೆಗೆಸಿಕೊಂಡೆ. ಘೃಷ್ಣೇಶ್ವರನಿಗೆ ಕೈಮುಗಿದು, ಕೈಲಾಸ ಗುಹೆಯ ಅಂಗಳದಲ್ಲಿ ಕತ್ತು ನೋಯುವಷ್ಟು ಮೇಲೆ ನೋಡಿ, ನೆರಳಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಒಬ್ಬ ಗೈಡು ಪ್ರವಾಸಿಗಳಿಗೆ, ಈ ಗುಡಿಯನ್ನು ಮೇಲಿನಿಂದ ಕೆಳಗೆ ಕೆತ್ತಿದರು, ಒಂದು ಉಳಿಪೆಟ್ಟು ತಪ್ಪಿದರೂ ಹಚ್ಚಲು ಕಲ್ಲಿಲ್ಲ ಎಂದು ದಿನಕ್ಕೆ ಐವತ್ತು ಸಲ ಹೇಳಿದ ದಣಿವಿನಲ್ಲಿ ಹೇಳುತ್ತಿದ್ದ. ಆಗ ಭಾವನ ಫೋನು ಬಡಿದುಕೊಂಡಿತು. ಗೋವಿಂದಣ್ಣನ ದನಿ ನನಗೂ ಕೇಳಿಸಿತು.

"ಹಿಟ್ಟಿನ ಕೋಣೆಯಲ್ಲಿ ಎಂಥದೋ ಹೊಟ್ಟಿತು ಮಾರಾಯ್ರೆ! ಬಾಂಬೋ ಎಂಥದೋ! ಹಿಟ್ಟಿನ ಮೇಲೆಲ್ಲ ನೊರೆ!"

ಭಾವ ಫೋನಿಟ್ಟು ನನ್ನ ಮುಖ ನೋಡಿದರು. ಅವರು ಏನನ್ನೂ ಕೇಳುವ ಮೊದಲೇ ನಾನೇ ಎಲ್ಲವನ್ನೂ ಒದರಿಬಿಟ್ಟೆ.

ಬಂದು ನೋಡಿದರೆ ಒಂದು ಕ್ಯಾನು ಸೀಳಿತ್ತು. ಉಳಿದವುಗಳ ತಳ ಹೊರಗೆ ಉಬ್ಬಿ, ಮೇಜಿನ ಮೇಲಿಟ್ಟರೆ ಬುಗುರಿಯಂತೆ ತೊನೆಯುತ್ತಿದ್ದವು. ಮೂರು ದೊಡ್ಡ ಕೊಳಗ ಹಿಟ್ಟಿಗೆ ಬಿಯರ್ ಸಿಡಿದಿತ್ತು. ಭಾವ ಬಗ್ಗಿ ನೋಡಿದರು, ಮೂಸಿದರು, ಮೂರನ್ನೂ ಚೆಲ್ಲಿಸಿದರು. ಬಾಗಿಲಿಗೆ "ಇವತ್ತು ದೋಸೆ ಇಡ್ಲಿ ಇಲ್ಲ" ಎಂದು ಮರಾಠಿಯಲ್ಲಿ ಹಲಗೆ ತೂಗುಹಾಕಿದರು. ನನಗೆ ಒಂದು ಬೈಗಳೂ ಬೀಳಲಿಲ್ಲ.

"ಭಾವ, ತಪ್ಪು ನನ್ನದು. ಹೋಟೆಲಿನ ಹೆಸರು ಯಾಕೆ ಕೆಡಬೇಕು? ಮೇಲಿನದನ್ನು ತೆಗೆದರೆ ಕೆಳಗಿನ ಹಿಟ್ಟು ಚೆನ್ನಾಗಿಯೇ ಇತ್ತಲ್ಲ."

"ಯಾರ ತಪ್ಪು ಅಂತ ಗಿರಾಕಿ ಕೇಳುವುದಿಲ್ಲ. ನನಗೆ ಗೊತ್ತಿದ್ದೂ ಬಡಿಸಿದೆನಾ ಅಂತ ನಾನು ಕೇಳಿಕೊಳ್ಳಬೇಕಾಗ್ತದೆ," ಎಂದು ಭಾವ ಕೈ ತೊಳೆಯಲು ಹೋದರು.

ಆ ಸಂಜೆ ನನಗೆ ಅತ್ತ ದರಿ ಇತ್ತ ಪುಲಿ. ಬಿಸಿ ಕೋಣೆಯಲ್ಲಿಟ್ಟದ್ದು ನಾನು, ನಿಜ. ಆದರೆ ಹುದುಗುವುದು ಪೂರ್ತಿ ಮುಗಿದ ಬಿಯರು ಬಿಸಿಗೆ ರುಚಿ ಕೆಡಬಹುದೇ ಹೊರತು ಉಬ್ಬುವುದಿಲ್ಲ. ಉಬ್ಬಿದೆ ಎಂದರೆ ಒಳಗೆ ಯಾವುದೋ ಜೀವ ಇನ್ನೂ ಸಕ್ಕರೆ ತಿನ್ನುತ್ತಿದೆ. ನಾಸಿಕದ ಚಳಿಯಲ್ಲಿ ಅದು ಫ್ರಿಜ್ಜಿನ ಹಿಟ್ಟಿನ ಹಾಗೆ ಮಲಗಿರುತ್ತದೆ, ಪರೀಕ್ಷೆಯ ಕಪಾಟಿನಲ್ಲಿ ಯಾರಿಗೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಯಾವುದೋ ಅಂಗಡಿಯ ಗೋದಾಮಿನಲ್ಲಿ, ಯಾರದೋ ಮುಖದ ಎದುರಿಗೆ ಕಾಣುತ್ತದೆ. ಹೇಳಿದರೆ ಆ ಹುಡುಗಿಯ ವರ್ಷ ಮಣ್ಣುಪಾಲು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಅವಳ ಜಾಗ ನಿಕ್ಕಿ. ಹೇಳದಿದ್ದರೆ ಸೋಮವಾರ ಲಾರಿ ಹೊರಡುತ್ತದೆ. ಅಂದು ಶುಕ್ರವಾರ. ನಾನು ಮೀನಮೇಷ ಎಣಿಸಿದ್ದು ಎಷ್ಟು ಹೊತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

ಬಸ್ಸು

ಮರುದಿನ ನಸುಕಿನಲ್ಲಿ ಉಬ್ಬಿದ ಕ್ಯಾನುಗಳಲ್ಲಿ ನಾಲ್ಕನ್ನು ಐಸಿನ ಜೊತೆ ಒಂದು ಹಿಟ್ಟಿನ ಕೊಳಗದಲ್ಲಿಟ್ಟು, ಮುಚ್ಚಳದ ಮೇಲೆ ಬಟ್ಟೆ ಬಿಗಿದು ಕೊಟ್ಟವರು ಭಾವನೇ. ನಾಸಿಕದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ದೇವಳಾಲಿಗೆ ಹೋಗುತ್ತಿದ್ದ ಒಬ್ಬ ಸೈನಿಕನ ಹೆಂಡತಿ. "ಮೌಸೀಜಿ, ಇಸ್ಮೇ ಕ್ಯಾ ಹೈ?" ಎಂದಳು. "ದೋಸೆ ಹಿಟ್ಟು," ಎಂದೆ. ರಸ್ತೆಯ ಪ್ರತಿ ಹಳ್ಳಕ್ಕೂ ನಾನು ಕೊಳಗವನ್ನು ಎತ್ತಿ ಹಿಡಿಯುವುದನ್ನು ನೋಡಿ ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಯೇವಲೆ ಊರು ದಾಟಿದ ಮೇಲೆ ತಾನೂ ಒಂದು ಬದಿ ಹಿಡಿದಳು. ಹಿಟ್ಟನ್ನು ಇಷ್ಟು ಜೋಪಾನ ಮಾಡುವ ಜನವೇ ಒಳ್ಳೆಯ ದೋಸೆ ಮಾಡುವುದು ಎಂದು ಹೊಗಳಿದಳು. ಸಿಡಿದರೆ ಇವಳಿಗೂ ತಾಗುತ್ತದಲ್ಲ ಎಂದು ನನಗೆ ಮೈಯೆಲ್ಲ ಬೆವರು. ಆ ಹೆಣ್ಣುಮಗಳ ಕೈ ಕೊಳಗದ ಮೇಲೆ ಇದ್ದಷ್ಟು ಹೊತ್ತೂ, ಹೇಳುವುದೋ ಬೇಡವೋ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ.

ಮತ್ತೆ ನಾಸಿಕ

ಶಿವಲೀಲಾ ಕೊಳಗದ ಬಟ್ಟೆ ಬಿಚ್ಚಿ, ಒಂದು ಕ್ಯಾನು ಎತ್ತಿ ತಳ ಮುಟ್ಟಿ ನೋಡಿದಳು.

"ಎಲ್ಲಿಟ್ಟಿದ್ರಿ ಕಾಕೂ?"

"ಹಿಟ್ಟಿನ ಕೋಣೆಯಲ್ಲಿ. ಒಲೆಯ ಗೋಡೆ ಪಕ್ಕ. ನೀನು ತಂಪಿನಲ್ಲಿಡು ಅಂದಿದ್ದಿ, ನಾನು ಇಡಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ತೇಲುಕಡ್ಡಿ ತಂದು ಬಿಯರಿನ ಸಾಂದ್ರತೆ ನೋಡಿದಳು. ತುಂಬಿದ ದಿನಕ್ಕಿಂತ ಇಳಿದಿತ್ತು, ಅಂದರೆ ಸಕ್ಕರೆ ಕಡಿಮೆಯಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನನ್ನನ್ನೂ ನೋಡಲು ಕರೆದಳು. ದುಂಡನೆಯ ಯೀಸ್ಟುಗಳ ನಡುವೆ ಉದ್ದನೆಯವು ಕೆಲವು ಇದ್ದವು. ಆ ಚಿಕ್ಕ ಹಂಡೆಯಲ್ಲಿ ಜೋಳದ ಬಿಯರಿಗೆ ಮೊದಲು ಬೇಸಿಗೆಯಲ್ಲಿ ದ್ರಾಕ್ಷಿಯ ಬಿಯರ್ ಮಾಡಿದ್ದರಂತೆ. ಅವಳು ಹಂಡೆಯ ಕೊಳವೆ ಬಿಚ್ಚಿ ರಬ್ಬರಿನ ವಾಷರ್ ಎಳೆದು ತೆಗೆದಳು. ಕಣ್ಣಿಗೆ ಕಾಣುವುದೂ ಕಷ್ಟ ಎನ್ನುವಂಥ ಒಂದು ಸೀಳು. ದ್ರಾಕ್ಷಿ ಸಿಪ್ಪೆಯ ಕಾಡು ಯೀಸ್ಟು ಅದರೊಳಗೆ ಮನೆ ಮಾಡಿಕೊಂಡಿತ್ತು. ಅಷ್ಟು ಮಡಿ ಮಾಡಿದವರ ಮನೆಗೆ ನುಗ್ಗಲು ಅದಕ್ಕೆ ಅಷ್ಟು ಬಿರುಕು ಸಾಕಾಗಿತ್ತು.

"ಈ ವಾಷರ್ ನಾನೇ ಹಾಕಿದ್ದು," ಎಂದಳು. "ಹೊಸಾದು ಹಾಕಬೇಕಿತ್ತು. ಚೂಕ್ ನಂದೇ, ತಪ್ಪು ನಂದೇ."

ಮಾಲೀಕ ಬಂದ. ಒಳ್ಳೆಯ ಮನುಷ್ಯ, ಅವಳ ಕೈ ಬಲ್ಲವನು. ಸಮಾಧಾನವಾಗಿಯೇ ಹಿಂದಿಯಲ್ಲಿ ಹೇಳಿದ. "ಥಂಡಾ ರಖೇಂಗೇ ತೋ ಕುಛ್ ನಹೀ ಹೋಗಾ. ತಂಪಾಗಿಟ್ಟರೆ ಏನೂ ಆಗುವುದಿಲ್ಲ. ಲಾರಿಯಲ್ಲಿ ಐಸು ಹಾಕೋಣ, ಅಂಗಡಿಯವರಿಗೆ ಫ್ರಿಜ್ಜಿನಲ್ಲೇ ಇಡಿ ಅನ್ನೋಣ. ಹದಿನೈದು ದಿನದಲ್ಲಿ ಖಾಲಿಯಾಗ್ತದೆ. ರುಚಿಯಂತೂ ಅದ್ಭುತ ಇದೆಯಲ್ಲ?" ಆಮೇಲೆ, "ಹೆಸರು ನಿನ್ನದು, ಮಾತೂ ನಿನ್ನದೇ," ಎಂದ.

ನಾನು ಬಾಯಿ ತೆರೆದೆ. ಅವನು ಹೇಳುವುದೂ ಸರಿ ಎನ್ನಲು ಹೊರಟಿದ್ದೆ, ದೇವರಾಣೆ. ಅವಳು ನನ್ನನ್ನು ನೋಡಿ ಒಂದೇ ಮಾತು ಕೇಳಿದಳು. "ಕಾಕೂ, ನೀವು ತಂಪಿನ್ಯಾಗ ಇಟ್ರೇನು?"

ನಾನು ಕೊಳಗದಿಂದ ಉಬ್ಬಿದ ಒಂದು ಕ್ಯಾನು ಎತ್ತಿ ಮಾಲೀಕನ ಕೈಗಿಟ್ಟೆ.

"ಮಂದಿ ಇಡಂಗಿಲ್ಲ. ಇಡ್ತಾರಂತ ನಂಬಿ ನಾ ಕಳಸಂಗಿಲ್ಲ," ಎಂದವಳೇ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು. "ಅಪ್ಪಾ, ಮಾಲ್ ಕೆಟ್ಟದ. ಇವತ್ತು ಎಲ್ಲಾ ಚೆಲ್ಲೂದದ. ಹೇಳಿದಂಗ ಸಂಕ್ರಾಂತಿ ಆದಮ್ಯಾಲ ಅಂಗಡಿಗಿ ಬರ್ತೀನಿ." ಆ ಕಡೆಯಿಂದ ಏನು ಬಂತೋ ತಿಳಿಯಲಿಲ್ಲ. ಫೋನು ಬೇಗ ಕಟ್ಟಾಯಿತು.

ಇಲ್ಲಿ ಹಂಡೆಯ ಬಿಯರ್ ಕೆಟ್ಟರೆ ಚೆಲ್ಲುವ ಮೊದಲು ಎಲ್ಲರೂ ಅರ್ಧ ಲೋಟ ಕುಡಿದು, ಮಾಡಿದವರ ಎದುರಿಗೇ ಅದರಲ್ಲಿ ಒಳ್ಳೆಯದೇನಿತ್ತು ಎಂದು ಹೇಳಬೇಕು. ಕೆಟ್ಟದ್ದು ಎಲ್ಲರಿಗೂ ಗೊತ್ತಿರುತ್ತದಲ್ಲ. ಬಿಯರನ್ನು ಹೀಗೆ ಬೀಳ್ಕೊಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬ ನೊರೆಯನ್ನು ಹೊಗಳಿದ, ಇನ್ನೊಬ್ಬಳು ಬಣ್ಣವನ್ನು. ನನ್ನ ಸರದಿ ಬಂದಾಗ ರೊಟ್ಟಿಯ ಘಮ ಎಂದೆ. ನಾನು ಜೀವಮಾನದಲ್ಲಿ ಕುಡಿದ ಅತಿ ಒಳ್ಳೆಯ ಬಿಯರ್ ಅದು. ಅದನ್ನು ಅರ್ಧಕ್ಕೇ ನಿಲ್ಲಿಸಿ ಲೋಟ ಕೆಳಗಿಟ್ಟೆ.

ಅಬಕಾರಿಯ ಸಾಹೇಬರು ಬಂದು, ಕುರ್ಚಿ ಹಾಕಿಸಿಕೊಂಡು, ಚೆಲ್ಲಲು ಸಹಿ ಹಾಕಿದರು. ಸಾವಿರದಷ್ಟು ಕ್ಯಾನು, ಒಂದೊಂದನ್ನೂ ಕೈಯಲ್ಲೇ ತೆರೆದು ದೊಡ್ಡ ತೊಟ್ಟಿಗೆ ಸುರಿಯಬೇಕು. ಕೆಲಸದವರಲ್ಲಿ ಅರ್ಧ ಜನ ರಜೆಯ ಮೇಲಿದ್ದರು. ಮಾಲೀಕನೂ ಕೂತ, ನಾನೂ ಕೂತೆ. ಐವತ್ತು ಕ್ಯಾನಾಗುವಷ್ಟರಲ್ಲಿ ಬೆರಳ ತುದಿ ಸುಲಿಯಿತು.

ಆಗ ಗೇಟಿನಲ್ಲಿ ಬಸವಣ್ಣಪ್ಪನವರ ಹಳೆಯ ಮೊಪೆಡ್ ನಿಂತಿತು. ಶನಿವಾರ, ಅಂಗಡಿಗೆ ಗಿರಾಕಿ ನುಗ್ಗುವ ದಿನ. ಅವರು ಒಳಗೆ ಬಂದರು. ಅದೇ ವಿಭೂತಿ, ಅದೇ ಬಿಳಿ ಟೋಪಿ. ಬಾರಿನ ಮುಂದೆ ಹಾದುಹೋಗಬೇಕಾದರೆ ರಸ್ತೆಯ ಆಚೆ ಬದಿಗೆ ದಾಟುವ ಮನುಷ್ಯ, ತೊಟ್ಟಿಯ ಮುಂದೆ ನಿಂತು ಒಂದು ಗಳಿಗೆ ಉಸಿರು ಹಿಡಿದುಕೊಂಡರು. ಮಗಳು ಎದ್ದು ನಿಂತಳು. ಬೈಗಳಿಗೆ ತಯಾರಾಗಿ ನಿಂತಿದ್ದಳೆಂದು ನೋಡಿದರೆ ತಿಳಿಯುತ್ತಿತ್ತು.

"ಯಾರು ಹೇಳಿದ್ರು ಚೆಲ್ಲಂತ? ಇವರೇನು?" ಎಂದು ಮಾಲೀಕನ ಕಡೆ ನೋಡಿದರು.

"ಇಲ್ಲರಿ. ನಾನೇ."

"ಕಳಸಿದ್ರ ಮಾರಾಟ ಆಗತಿತ್ತೇನು?"

"ಆಗತಿತ್ತರಿ."

ಬಸವಣ್ಣಪ್ಪನವರು ಅಂಗಿಯ ತೋಳು ಮಡಚಿ, ಮಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಕ್ಯಾನು ಎತ್ತಿಕೊಂಡರು. ಉಂಗುರವನ್ನು ಯಾವ ಕಡೆಗೆ ಎಳೆಯಬೇಕೆಂದು ತಿಳಿಯಲಿಲ್ಲ. ಅವಳು ತೋರಿಸಿದಳು. ನೊರೆ ಚಿಮ್ಮಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳದೆ ಇನ್ನೊಂದಕ್ಕೆ ಕೈ ಹಾಕಿದರು.

ಸಂಜೆಯ ತನಕ ಹೀಗೇ ನಡೆಯಿತು. ಒಂದು ಸಲ ಬಸವಣ್ಣಪ್ಪನವರು ಯಾರ ಮುಖವನ್ನೂ ನೋಡದೆ ಹೇಳಿದರು. "ಮೂವತ್ತು ವರ್ಷ ಅಂಗಡಿ ಮಾಡೀನ್ರಿ ಬಾಯಾರ. ಹುಳ ಬಿದ್ದ ಗೋಧಿ ಸಾಣಿಗಿ ಹಿಡದು ಮಾರೀನಿ, ಒಮ್ಮೆ ಅಲ್ಲ, ಎರಡ್ ಸಲ. ಯಾರೂ ಕೇಳಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದರು. "ಜ್ವಾಳದ ವಾಸನಿ ಹಾಂಗೇ ಉಳದದಲ್ಲ," ಎಂದು ಬೆರಗಾದರು.

ಕೊನೆಯ ಪೆಟ್ಟಿಗೆ ಖಾಲಿಯಾದಾಗ ದ್ರಾಕ್ಷಿ ತೋಟಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಶಿವಲೀಲಾ ಅಪ್ಪನಿಗೆ ಕೈ ತೊಳೆಯಲು ನೀರು ಹಾಕುತ್ತ, "ಮಂಗಳವಾರ ಸಂಕ್ರಾಂತಿ, ಬುಧವಾರದಿಂದ ಬರ್ತೀನಿ ಅಪ್ಪಾ. ಅಂಗಡಿ ಎಷ್ಟಕ್ಕ ತೆಗೀತೀರಿ?" ಎಂದಳು. ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು.

ಬಸವಣ್ಣಪ್ಪನವರು ಕೈ ಕೊಡವಿ ಟೋಪಿ ಸರಿಮಾಡಿಕೊಂಡರು.

"ನೀ ಅಲ್ಲಿ ಬಂದು ಕೂತ್ರ," ಎಂದರು, "ಇಲ್ಲಿ ಈ ಕೆಲಸ ಯಾರು ಮಾಡ್ತಾರ?"